ಬೇ ಏರಿಯಾದ ಬೆಳಗಿಗೆ ಒಂದು ಬಟ್ಟಲು ನುಚ್ಚು

ಇಲ್ಲಿ ಬೆಳಿಗ್ಗೆ ಏಳೂವರೆ ಆದಾಗ ಬೆಂಗಳೂರಿನಲ್ಲಿ ರಾತ್ರಿ ಎಂಟು ಗಂಟೆ. ಚಳಿಗಾಲದಲ್ಲಿ ನಾವು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಒಂಬತ್ತು. ಊರಿನವರು ಊಟ ಮುಗಿಸಿ ಫೋನ್ ಕೈಗೆತ್ತಿಕೊಳ್ಳುವ ಹೊತ್ತಿಗೆ ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ರಮೋನ್ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಶೂ ಹಾಕಿಸುವ ಗಡಿಬಿಡಿ. "ತಿಂಡಿ ಆಯ್ತಾ?" ಎಂಬ ಪ್ರಶ್ನೆಗೆ "ಆಯ್ತಮ್ಮ, ಓಟ್ಸ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಓಟ್ಸ್ ಒಳ್ಳೆಯದು ಎಂದು ಅಲ್ಲಿಯೂ ಎಲ್ಲರಿಗೂ ಗೊತ್ತು. ಅಮ್ಮನಿಗೆ ಸಮಾಧಾನ, ಮಗನಿಗೆ ಬಿಡುಗಡೆ.

ಯಾವ ಓಟ್ಸ್ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ನಮ್ಮಲ್ಲಿ ಬಹುಪಾಲು ಮನೆಗಳ ಕಪಾಟಿನಲ್ಲಿರುವುದು ಕಾಗದದ ಸಣ್ಣ ಪೊಟ್ಟಣ. ಹರಿದು ಬಟ್ಟಲಿಗೆ ಸುರಿದು ಬಿಸಿನೀರು ಹಾಕಿದರೆ ಒಂದು ನಿಮಿಷಕ್ಕೆ ತಿಂಡಿ ಸಿದ್ಧ. ಸಿಹಿ ಹಾಕಿದ ಇಂಥ ಒಂದು ಪೊಟ್ಟಣದಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯೇ 10 ಗ್ರಾಂ ಆಸುಪಾಸಿನಲ್ಲಿ ಇರುವುದುಂಟು. ಒಂದು ಟೀ ಚಮಚ ಸಕ್ಕರೆ ಎಂದರೆ 4 ಗ್ರಾಂ ಎಂದು ಲೆಕ್ಕ ಹಾಕಿ: ಎರಡೂವರೆ ಚಮಚ. ಬಟ್ಟಲೊಂದು ಸಾಲದೆ ಎರಡು ಪೊಟ್ಟಣ ಹರಿಯುವವರೂ ಇದ್ದಾರೆ, ಅವರಿಗೆ ಐದು ಚಮಚ. ಅಮೆರಿಕದ ಹೃದ್ರೋಗ ಸಂಘ ದಿನವಿಡೀ ಸೇರಿ ಹೆಂಗಸರಿಗೆ 25 ಗ್ರಾಂ, ಗಂಡಸರಿಗೆ 36 ಗ್ರಾಂ ಮೀರಬಾರದು ಎನ್ನುತ್ತದೆ. ಎರಡು ವರ್ಷ ದಾಟಿದ ಮಕ್ಕಳಿಗೂ 25 ಗ್ರಾಂ ಒಳಗೇ. ಈ ಸೇರಿಸಿದ ಸಕ್ಕರೆಯನ್ನು ಬೇರೆಯಾಗಿ ಮುದ್ರಿಸಬೇಕೆಂದು ಇಲ್ಲಿನ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ನಿಯಮ ಮಾಡಿದ ಮೇಲೆ ಕಣ್ಣಿಗೆ ಬೀಳುವುದು ಸುಲಭವಾಗಿದೆ. ಓದುವ ಪುರುಸೊತ್ತು ಇರಬೇಕಷ್ಟೆ.

ಸಕ್ಕರೆ ಇಲ್ಲದ ಪೊಟ್ಟಣ ಕೊಂಡರೆ ಆಯಿತಲ್ಲ ಎನ್ನಬಹುದು. ಅರ್ಧ ಆಯಿತು. ಉಳಿದರ್ಧ ಇರುವುದು ಕಾಳಿನ ಆಕಾರದಲ್ಲಿ. ಓಟ್ಸ್ ಕಾಳನ್ನು ಉಕ್ಕಿನ ಅಲಗಿನಿಂದ ಎರಡು ಮೂರು ತುಂಡು ಮಾಡಿದರೆ ಅದು ಸ್ಟೀಲ್ ಕಟ್ ಓಟ್ಸ್. ಹಬೆಯಲ್ಲಿ ಬೇಯಿಸಿ ಉರುಳೆಯಲ್ಲಿ ಒತ್ತಿದರೆ ರೋಲ್ಡ್ ಓಟ್ಸ್, ನಮ್ಮ ಅವಲಕ್ಕಿಯ ಜಾತಿ. ಇನ್ನೂ ತೆಳ್ಳಗೆ ಒತ್ತಿ, ಸಣ್ಣ ಚೂರು ಮಾಡಿ, ಮುಕ್ಕಾಲು ಬೇಯಿಸಿಯೇ ಒಣಗಿಸಿದರೆ ಇನ್‌ಸ್ಟಂಟ್. ಮೂರೂ ಒಂದೇ ಧಾನ್ಯ. ಆದರೆ ಕಾಳು ಎಷ್ಟು ಇಡಿಯಾಗಿದೆಯೋ ಹೊಟ್ಟೆಗೆ ಅಷ್ಟು ಕೆಲಸ, ರಕ್ತದಲ್ಲಿ ಸಕ್ಕರೆ ಏರುವುದೂ ಅಷ್ಟು ನಿಧಾನ. ಎಷ್ಟು ನುಣ್ಣಗಾಗಿದೆಯೋ ಅಷ್ಟು ಬೇಗ ಕರಗಿ ಅಷ್ಟು ಬೇಗ ಏರುತ್ತದೆ. ಹನ್ನೊಂದು ಗಂಟೆಗೆ ಮತ್ತೆ ಹಸಿವು, ಆಫೀಸಿನ ಪ್ಯಾಂಟ್ರಿಯ ಕಡೆಗೆ ಕಾಲು. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಕೊಲೆಸ್ಟರಾಲ್ ತಗ್ಗಲು ಸಹಾಯ ಎಂದು ಪೊಟ್ಟಣದ ಮೇಲೆ ಹೇಳಿಕೊಳ್ಳಲು 1997ರಲ್ಲಿಯೇ ಅನುಮತಿ ಸಿಕ್ಕಿದೆ. ಧಾನ್ಯದ ಮೇಲೆ ನಮಗೇನೂ ದೂರಿಲ್ಲ. ದೂರು ಇರುವುದು ಅದನ್ನು ಒಂದು ನಿಮಿಷದ ತಿಂಡಿಯಾಗಿ ಮಾಡಿದ ಆತುರದ ಮೇಲೆ.

ಇಷ್ಟಕ್ಕೇ ಇಷ್ಟು ಮಾತೇಕೆ ಎಂದರೆ, ನಮ್ಮ ಮೈಯ ಲೆಕ್ಕವೇ ಬೇರೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (ಯುಸಿಎಸ್‌ಎಫ್) ಮತ್ತು ಷಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸೇರಿ 2010ರಲ್ಲಿ ಒಂದು ಅಧ್ಯಯನ ಶುರು ಮಾಡಿದವು. ಹೆಸರು ಕೇಳಿದರೆ ನಗು ಬರುತ್ತದೆ: ಮಸಾಲಾ. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರ ರಕ್ತನಾಳಗಳ ಕಾಯಿಲೆಯ ಅಧ್ಯಯನ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದರೆ ಹಾಗೆ ಬರುತ್ತದೆ. 40 ವರ್ಷ ದಾಟಿದ ಸುಮಾರು 900 ಮಂದಿ ಅದರಲ್ಲಿದ್ದರು. ಅರ್ಧ ಈ ಬೇ ಏರಿಯಾದವರು, ಅರ್ಧ ಷಿಕಾಗೊದವರು. ಡಾ. ಅಲ್ಕಾ ಕನಾಯಾ ಮತ್ತು ಸಂಗಡಿಗರು ವಯಸ್ಸನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ನಮ್ಮವರಲ್ಲಿ ನೂರಕ್ಕೆ 23 ಮಂದಿಗೆ ಮಧುಮೇಹ ಇತ್ತು. ಬಿಳಿಯರಲ್ಲಿ ನೂರಕ್ಕೆ 6. ತೂಕ ನೋಡಿದರೆ ನಮ್ಮವರು ದಪ್ಪವೂ ಅಲ್ಲ. ಹಾಗಾಗಿಯೇ ಅಮೆರಿಕದ ಮಧುಮೇಹ ಸಂಘ 2015ರಲ್ಲಿ ಏಷ್ಯಾ ಮೂಲದವರಿಗೆ ತಪಾಸಣೆಯ ಬಿಎಂಐ ಗಡಿಯನ್ನು 25ರಿಂದ 23ಕ್ಕೆ ಇಳಿಸಿತು. ಮೌಂಟನ್ ವ್ಯೂನ ಎಲ್ ಕಮೀನೊ ಆಸ್ಪತ್ರೆಯಲ್ಲಿ 2006ರಿಂದ ದಕ್ಷಿಣ ಏಷ್ಯಾದವರಿಗೆಂದೇ ಒಂದು ಹೃದಯ ಕೇಂದ್ರ ನಡೆಯುತ್ತಿದೆ ಎಂದರೆ ಸಮಸ್ಯೆಯ ಗಾತ್ರ ಊರಿನವರಿಗೂ ಅರ್ಥವಾದೀತು.

ನಮ್ಮ ಬಳಗದಲ್ಲಿಯೂ ಮೂವತ್ತೈದು, ನಲವತ್ತರ ಹರೆಯದವರು ವಾರ್ಷಿಕ ತಪಾಸಣೆ ಮುಗಿಸಿ ಬಂದು "ಎಚ್‌ಬಿಎ1ಸಿ 5.9 ಬಂದಿದೆ ಮಾರಾಯ" ಎನ್ನುವುದು ಈಗ ಹೊಸ ಸುದ್ದಿಯಲ್ಲ. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ಊರಿಗೆ ಫೋನ್ ಮಾಡಿದಾಗ ಈ ಸಂಖ್ಯೆಯನ್ನು ಯಾರೂ ಹೇಳುವುದಿಲ್ಲ. ಅಪ್ಪ ಅಮ್ಮನಿಗೆ ಯಾಕೆ ಚಿಂತೆ ಎಂದು ಮುಚ್ಚಿಡುತ್ತಾರೆ. ಆದ್ದರಿಂದ ನಾವೇ ಇಲ್ಲಿ ಬರೆಯುತ್ತಿದ್ದೇವೆ.

ಹಕ್ಕಿಗೆ ಬರಗು, ದನಕ್ಕೆ ಜೋಳ

ಬಿಸಿ ಬಿಸಿಯಾದ ಧಾನ್ಯದ ತಿಂಡಿ ಅಮೆರಿಕದವರು ನಮಗೆ ಕಲಿಸಿದ್ದೇನಲ್ಲ. ಹಳೆ ಮೈಸೂರಿನಲ್ಲಿ ರಾಗಿ ಅಂಬಲಿ, ಉತ್ತರ ಕರ್ನಾಟಕದಲ್ಲಿ ಮಜ್ಜಿಗೆ ಕಲಸಿದ ಜೋಳದ ನುಚ್ಚು, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ಎಲ್ಲ ಕಡೆ ಗೋಧಿ ನುಚ್ಚು. ನುಚ್ಚು ಎಂಬ ಮಾತಿನಲ್ಲೇ ಎಲ್ಲವೂ ಇದೆ: ಹಿಟ್ಟಲ್ಲ, ಇಡೀ ಕಾಳೂ ಅಲ್ಲ, ಒಡೆದ ಕಾಳು. ಇಲ್ಲಿನ ಅಂಗಡಿಯಲ್ಲಿ ಹೆಚ್ಚು ಬೆಲೆಗೆ ಸಿಗುವ ಸ್ಟೀಲ್ ಕಟ್ ಓಟ್ಸ್ ಎಂದರೆ ಓಟ್ಸ್‌ನ ನುಚ್ಚು, ಬೇರೇನಲ್ಲ. ಹಾಗೆ ಹೇಳಿದ ಕೂಡಲೇ ನಮ್ಮ ಅತ್ತೆ ಅಮ್ಮಂದಿರಿಗೆ ಅದನ್ನು ಏನು ಮಾಡಬೇಕೆಂದು ತಿಳಿದುಬಿಡುತ್ತದೆ.

ಮೊದಲ ತಲೆಮಾರಿನವರಿಗೆ ಈ ಆಯ್ಕೆ ಇರಲಿಲ್ಲ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಲ್ಲಿ ಶುರುವಾದ ಕಾಲಕ್ಕೆ ಈಗಿನಂತೆ ಎಲ್ ಕಮೀನೊ ರಸ್ತೆಯುದ್ದಕ್ಕೂ ಭಾರತೀಯ ದಿನಸಿ ಅಂಗಡಿಗಳಿರಲಿಲ್ಲ. ಉಪ್ಪಿಟ್ಟಿನ ಆಸೆಯಾದರೆ ಕ್ರೀಮ್ ಆಫ್ ವೀಟ್ ಡಬ್ಬಿ ತೆಗೆಯುತ್ತಿದ್ದರು ಎಂದು ಹಿರಿಯರು ಇಂದಿಗೂ ನೆನೆಯುತ್ತಾರೆ. 1893ರಲ್ಲಿ ನಾರ್ತ್ ಡಕೋಟಾದ ಗಿರಣಿಯೊಂದರಲ್ಲಿ ಹುಟ್ಟಿದ ಆ ಡಬ್ಬಿಯಲ್ಲಿರುವುದು ಹೊಟ್ಟು ತೆಗೆದ ಗೋಧಿ ರವೆ. ಉಪ್ಪಿಟ್ಟಿಗೆ ಚೆನ್ನ, ದಿನದಿನದ ಆರೋಗ್ಯಕ್ಕೆ ಅಷ್ಟಕ್ಕಷ್ಟೆ.

ಈಗ ಕೊರತೆಯಿಲ್ಲ. ಕೊರತೆ ಇರುವುದು ಗುರುತಿಸುವುದರಲ್ಲಿ. ಇಲ್ಲಿನ ಸಾಮಾನ್ಯ ಅಂಗಡಿಯಲ್ಲಿ ಬರೀ 'ಮಿಲೆಟ್' ಎಂದು ಬರೆದ ಪೊಟ್ಟಣ ಕಂಡರೆ ಅದು ನವಣೆಯೂ ಅಲ್ಲ, ರಾಗಿಯೂ ಅಲ್ಲ, ನಮ್ಮ ಬರಗು. ಕೊಲರಾಡೊ, ನೆಬ್ರಾಸ್ಕಾ ಕಡೆ ಬೆಳೆಯುತ್ತಾರೆ. ಇದರ ಬಹಳಷ್ಟು ಪಾಲು ಹೋಗುವುದು ಹಿತ್ತಲಿಗೆ ಬರುವ ಗುಬ್ಬಚ್ಚಿಗಳಿಗೆ ಹಾಕುವ ಕಾಳಿನ ಚೀಲಕ್ಕೆ. ಜೋಳದ ಕಥೆ ಇನ್ನೂ ಸ್ವಾರಸ್ಯ. ಜಗತ್ತಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ದೇಶ ಅಮೆರಿಕ, ಅದರಲ್ಲೂ ಕ್ಯಾನ್ಸಸ್ ರಾಜ್ಯ. ಆದರೆ ಅದರ ಬಹುಭಾಗ ದನದ ಮೇವಿಗೆ, ಎಥನಾಲಿಗೆ, ರಫ್ತಿಗೆ. ಕಲಬುರ್ಗಿಯ ಕಡೆಯ ಸ್ನೇಹಿತರೊಬ್ಬರು ಇದನ್ನು ಕೇಳಿ ಅರ್ಧ ದಿನ ಬೇಜಾರಿನಲ್ಲಿದ್ದರು. ಈಚೆಗೆ ಗ್ಲುಟೆನ್ ಒಗ್ಗದವರ ದೆಸೆಯಿಂದ ಮನುಷ್ಯರ ಊಟಕ್ಕೂ ಜೋಳ ಮರಳುತ್ತಿದೆ. ಇಡೀ ಕಾಳು, ಹಿಟ್ಟು ಎರಡೂ ಸಿಗುತ್ತವೆ.

ರಾಗಿಗಾಗಿ ಮಾತ್ರ ಭಾರತೀಯ ಅಂಗಡಿಗೇ ಹೋಗಬೇಕು. ಕಾಳೂ ಇರುತ್ತದೆ, ಹಿಟ್ಟೂ ಇರುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಸಿರಿಧಾನ್ಯದ ಹೆಸರು ಹೊತ್ತ ಬಿಸ್ಕತ್ತು, ನೂಡಲ್ಸ್, ಮಾಲ್ಟ್ ಪುಡಿಗಳೂ ಸಾಲಾಗಿ ನಿಂತಿವೆ. ಇವುಗಳ ಬೆನ್ನು ತಿರುಗಿಸಿ ನೋಡಿ. ಇಲ್ಲಿನ ನಿಯಮದಂತೆ ತೂಕದಲ್ಲಿ ಹೆಚ್ಚಿರುವ ಪದಾರ್ಥದ ಹೆಸರು ಮೊದಲು ಬರಬೇಕು. ಸಕ್ಕರೆಯೋ ಬೆಲ್ಲವೋ ಮೊದಲ ಎರಡರಲ್ಲಿ ಇದ್ದರೆ ಅದು ರಾಗಿ ಹಾಕಿದ ಸಿಹಿ, ಸಿಹಿ ಹಾಕಿದ ರಾಗಿಯಲ್ಲ.

ಅಂದಹಾಗೆ, ರಾಗಿಯೂ ನಮ್ಮಂತೆ ವಲಸೆ ಬಂದದ್ದು. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು; ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದು ಕನ್ನಡದ ಮಣ್ಣಿನಲ್ಲಿ ಬೇರು ಬಿಟ್ಟಿತು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡಿಸಿ ತೆಗೆದ ತಳಿಗಳೇ 'ಇಂಡಾಫ್'. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಓಕ್ಲೆಂಡಿನ ಟೆಲಿಗ್ರಾಫ್ ಅವೆನ್ಯೂ ಕಡೆ ಇಥಿಯೋಪಿಯಾದ ಹೋಟೆಲುಗಳಿವೆ. ಅವರು ಬೆಳಗಿನ ಹೊತ್ತು ತಿನ್ನುವ ಗೆನ್‌ಫೊ ಎಂಬ ತಿನಿಸನ್ನು ನೋಡಿದ ಮಂಡ್ಯದವರು ಮುದ್ದೆ ಎಂದೇ ಕೂಗುತ್ತಾರೆ: ಹಿಟ್ಟನ್ನು ಗಟ್ಟಿಯಾಗಿ ತೊಳಸಿ, ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಅದರಲ್ಲಿ ಖಾರದ ಬೆಣ್ಣೆ ತುಂಬಿರುತ್ತಾರೆ. ಅವರ ಟೆಫ್ ಎಂಬ ಧಾನ್ಯ ರಾಗಿಗಿಂತಲೂ ಸಣ್ಣ ಕಾಳು. ರಾಗಿ ಸಿಗದ ಊರಿನಲ್ಲಿರುವವರು ಅದನ್ನು ಧೈರ್ಯವಾಗಿ ಬಳಸಬಹುದು.

ಒಂದು ಮನೆಗೆ ಎರಡು ಡಬ್ಬ

ಈಗ ಮುಖ್ಯ ಮಾತಿಗೆ ಬರೋಣ. ಊರಿನಿಂದ ಬರುವ ಅಮ್ಮಂದಿರು ಪ್ರೀತಿಯಿಂದ ಮಾಡಿಕೊಟ್ಟು ಹೋಗುವುದು ಮೊಳಕೆ ಕಟ್ಟಿದ ರಾಗಿಯ ನುಣುಪಾದ ಹಿಟ್ಟು. ಎರಡು ಕೆಜಿ ಮಾಡಿಟ್ಟು, "ಎಲ್ಲರೂ ಕುಡೀರಿ" ಎಂದು ಹೇಳಿ ವಿಮಾನ ಹತ್ತುತ್ತಾರೆ. ಮಗುವೂ ಅದನ್ನೇ ಕುಡಿಯುತ್ತದೆ, ಹೊಸ್ತಿಲಲ್ಲಿರುವ ಅಪ್ಪನೂ ಅದನ್ನೇ ಕುಡಿಯುತ್ತಾನೆ, ಮಧುಮೇಹಕ್ಕೆ ಮಾತ್ರೆ ನುಂಗುವ ಅಜ್ಜನೂ ಅದನ್ನೇ. ರಾಗಿ ತಿಂದವ ನಿರೋಗಿ ಎಂಬ ಗಾದೆ ಬೆನ್ನಿಗಿರುತ್ತದಲ್ಲ!

ಮೊಳಕೆ ಕಟ್ಟಿದಾಗ ಕಾಳಿನೊಳಗೆ ಏನಾಗುತ್ತದೆ ಎಂಬುದನ್ನು ತಿಳಿದರೆ ಇದು ಎಲ್ಲರಿಗೂ ಒಗ್ಗುವುದಿಲ್ಲ ಏಕೆಂದು ಗೊತ್ತಾಗುತ್ತದೆ. ಚಿಗುರಲು ಹೊರಟ ಕಾಳು ತನ್ನ ಪಿಷ್ಟವನ್ನು ತಾನೇ ಜೀರ್ಣಿಸಿಕೊಳ್ಳಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಅಂಥ ಹಿಟ್ಟಿನಿಂದ ಕಾಯಿಸಿದ ಗಂಜಿ ಗಟ್ಟಿಯಾಗುವುದಿಲ್ಲ, ನೀರಾಗಿಯೇ ಇರುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಸಣ್ಣ ಹೊಟ್ಟೆಯ ಕೂಸಿಗೆ ಇದಕ್ಕಿಂತ ಒಳ್ಳೆಯದುಂಟೆ? ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳು ಬೆರೆಸಿ ಹಾಲು ಬಿಡಿಸುವ ಮಕ್ಕಳ ಆಹಾರ ರೂಪಿಸಿದ್ದು ಇದೇ ಗುಣವನ್ನು ನೆಚ್ಚಿ. ಆದರೆ ಕೂಸಿಗೆ ವರವಾದದ್ದೇ ಅಪ್ಪನಿಗೆ ತೊಡಕು. ಅರ್ಧ ಜೀರ್ಣವಾದ, ನುಣ್ಣಗೆ ಬೀಸಿದ ಪಿಷ್ಟ ಬೇಗ ಸಕ್ಕರೆಯಾಗುತ್ತದೆ. ಮೇಲೆ ಎರಡು ಚಮಚ ಬೆಲ್ಲ ಬಿದ್ದರೆ ಆ ಲೋಟಕ್ಕೂ ಆ ಕಾಗದದ ಪೊಟ್ಟಣಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ.

ಆದ್ದರಿಂದ ಎರಡು ಡಬ್ಬ ಮಾಡಿ. ಮಗುವಿಗೆ ಸರಿ ಹಿಟ್ಟು, ದೊಡ್ಡವರಿಗೆ ನುಚ್ಚು.

ದೊಡ್ಡವರ ಡಬ್ಬಕ್ಕೆ ನಾವು ವರ್ಷಗಳಿಂದ ಹಿಡಿದಿರುವ ಅಳತೆ ಇದು: ಸ್ಟೀಲ್ ಕಟ್ ಓಟ್ಸ್ ಎರಡು ಕಪ್, ಬರಗು ಒಂದು, ರಾಗಿ ಕಾಳು ಒಂದು, ಹೆಸರುಬೇಳೆ ಒಂದು. ಜೊತೆಗೆ ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಂತ್ಯ. ಬರಗು, ರಾಗಿಯನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಿಕೊಳ್ಳಿ. ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಒಟ್ಟಿಗೆ ಹಾಕಿದರೆ ಬೇಳೆ ಕೆಂಪಾಗುವಷ್ಟರಲ್ಲಿ ರಾಗಿ ಸೀದಿರುತ್ತದೆ. ಓಟ್ಸ್ ಘಮ್ಮೆಂದರೆ ಸಾಕು, ರಾಗಿಯಲ್ಲಿ ನಾಲ್ಕಾರು ಕಾಳು ಚಟಪಟ ಅಂದರೆ ಇಳಿಸಿ. ಪೂರ್ತಿ ಆರಿದ ಮೇಲೆ ಓಟ್ಸ್ ಬಿಟ್ಟು ಉಳಿದದ್ದನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಎರಡು ಮೂರು ಸುತ್ತು ತಿರುಗಿಸಿ. ಕಾಳು ಒಡೆಯಬೇಕು, ಹಿಟ್ಟಾಗಬಾರದು. ಜರಡಿ ಹಿಡಿದು ಕೆಳಗೆ ಬಿದ್ದ ನುಣುಪು ಹಿಟ್ಟನ್ನು ರೊಟ್ಟಿಗೋ ದೋಸೆಗೋ ತೆಗೆದಿಟ್ಟು, ಮೇಲೆ ಉಳಿದ ತರಿಯನ್ನು ಓಟ್ಸ್‌ಗೆ ಬೆರೆಸಿ. ಹುರಿಯುವಾಗ ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ. ಅಪಾರ್ಟ್‌ಮೆಂಟಿನ ಹೊಗೆಯ ಅಲಾರಾಂಗೆ ರಾಗಿಯ ಪರಿಮಳ ಅರ್ಥವಾಗುವುದಿಲ್ಲ.

ಇದು ಐದು ಕಪ್ ಆಗುತ್ತದೆ. ಒಬ್ಬರಿಗೆ ಕಾಲು ಕಪ್ಪಿನಂತೆ ಇಪ್ಪತ್ತು ಬಟ್ಟಲು; ನಾಲ್ವರ ಮನೆಗೆ ಸೋಮವಾರದಿಂದ ಶುಕ್ರವಾರದವರೆಗೆ ಸರಿಹೋಯಿತು. ಇಡೀ ಕಾಳಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಹೊರಗಿಟ್ಟರೆ ಕೆಲವು ವಾರಗಳಲ್ಲಿ ಕಮಟು ವಾಸನೆ ಬರುತ್ತದೆ, ಸಜ್ಜೆ ಸೇರಿಸಿದರಂತೂ ಇನ್ನೂ ಬೇಗ. ಹೆಚ್ಚು ಮಾಡಿದರೆ ಫ್ರಿಜ್‌ನಲ್ಲಿಡಿ.

ರಾತ್ರಿ ಮಲಗುವ ಮುಂಚೆ ಒಂದು ಕಪ್ ನುಚ್ಚಿಗೆ ಐದು ಕಪ್ ನೀರು ಹಾಕಿ ನೆನೆಯಲು ಬಿಡಿ. ಬೆಳಿಗ್ಗೆ ಒಲೆಯ ಮೇಲಾದರೆ ನಡುನಡುವೆ ಕೈಯಾಡಿಸುತ್ತ ಇಪ್ಪತ್ತೈದು ನಿಮಿಷ. ಅಷ್ಟು ಹೊತ್ತು ಒಲೆಯ ಮುಂದೆ ನಿಲ್ಲುವುದು ಈ ಊರಿನಲ್ಲಿ ಯಾರಿಗೂ ಆಗದ ಕೆಲಸ ಎಂದು ನಮಗೂ ಗೊತ್ತು. ಅದಕ್ಕೇ ಇನ್‌ಸ್ಟಂಟ್ ಪಾಟ್ ಎಂಬ ವಿದ್ಯುತ್ ಕುಕ್ಕರು. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ನುಚ್ಚು ಉಬ್ಬಿ ನೊರೆ ಬಂದು ಕವಾಟ ಕಟ್ಟೀತು. ಹತ್ತು ನಿಮಿಷ ಒತ್ತಡ, ಆಮೇಲೆ ಹಬೆ ತಾನಾಗಿ ಇಳಿಯಲಿ. ಆರು ಗಂಟೆಗೆ ತಾನೇ ಶುರುವಾಗುವಂತೆ ರಾತ್ರಿಯೇ ಸಮಯ ಹೊಂದಿಸಿಟ್ಟರೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಗಿರುತ್ತದೆ. ರಾತ್ರಿಯಿಡೀ ಇರಿಸುವುದಾದರೆ ನೀರು ಮಾತ್ರ. ಹಾಲು ಹಾಕಿದರೆ ಕೆಡುತ್ತದೆ.

ಮೇಲೆ ಏನು ಹಾಕಿಕೊಳ್ಳಬೇಕು ಎಂಬುದರಲ್ಲಿ ಮನೆಯಲ್ಲಿ ಎರಡು ಪಕ್ಷ. ಉಪ್ಪು, ಮಜ್ಜಿಗೆ, ಹೆಚ್ಚಿದ ಈರುಳ್ಳಿ, ಸಾಸಿವೆ ಕರಿಬೇವಿನ ಒಗ್ಗರಣೆ ಹಾಕಿ ಸುರಿಯುವವರದು ಒಂದು. ನಮ್ಮ ಓಟು ಇದಕ್ಕೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಹಾಲಿನ ಪಕ್ಷ. ಅವರ ಬಟ್ಟಲಿಗೆ ನಾಲ್ಕು ಅಕ್ರೋಟು, ಐದಾರು ಬಾದಾಮಿ, ಒಂದು ಚಮಚ ಅಗಸೆ ಪುಡಿ, ಹಣ್ಣಿನ ಹೋಳು. ಬಾದಾಮಿ, ಅಕ್ರೋಟು ಎರಡಕ್ಕೂ ಕ್ಯಾಲಿಫೋರ್ನಿಯಾವೇ ತವರುಮನೆ. ಊರಿನಿಂದ ಬರುವವರು ಇದನ್ನಾದರೂ ಹೊತ್ತು ತರಬೇಕಿಲ್ಲ. ಸಿಹಿ ಬೇಕೇಬೇಕು ಎಂದು ಹಟ ಹಿಡಿದರೆ ಒಣಗಿಸಿದ ಪ್ಲಮ್ಮೋ ಏಪ್ರಿಕಾಟೋ ಒಂದೆರಡು. ಇಂದು ಚಿಪ್ಪು, ಸಾಫ್ಟ್‌ವೇರು ಎಂದು ಹೆಸರಾದ ಸಾಂತಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಇವೇ ಹಣ್ಣುಗಳ ತೋಟವಾಗಿತ್ತು. ಸನ್ನಿವೇಲ್ ನಗರಸಭೆ ಒಂದು ಏಪ್ರಿಕಾಟ್ ತೋಟವನ್ನು ನೆನಪಿಗಾಗಿ ಇನ್ನೂ ಉಳಿಸಿಕೊಂಡಿದೆ. ಮಕ್ಕಳನ್ನು ಒಮ್ಮೆ ಕರೆದೊಯ್ದು ತೋರಿಸಿದರೆ ಸಕ್ಕರೆ ಡಬ್ಬದ ಮೇಲಿನ ಕಣ್ಣು ಸ್ವಲ್ಪ ಈ ಕಡೆ ಹೊರಳಬಹುದು. ಒಣಹಣ್ಣೂ ಸಿಹಿಯೇ, ಅಳತೆ ಮೀರಬಾರದು.

ಪೋಷಕಾಂಶದ ಲೆಕ್ಕ ಕೇಳುವವರಿಗೆ: ನುಚ್ಚಿನ ಒಂದು ಬಟ್ಟಲಿನಲ್ಲಿ ಹೆಚ್ಚುಕಡಿಮೆ 6 ಗ್ರಾಂ ಪ್ರೋಟೀನು ಸಿಗುತ್ತದೆ. ಅದರಲ್ಲಿ ಮೂರನೆಯ ಒಂದು ಪಾಲು ಹೆಸರುಬೇಳೆಯದು. ಬೇಳೆ ಬಿಟ್ಟರೆ ಬರೀ ಪಿಷ್ಟ ಉಳಿಯುತ್ತದೆ, ರಾಗಿಯಲ್ಲಿ ಪ್ರೋಟೀನು ನೂರು ಗ್ರಾಮಿಗೆ 7 ಗ್ರಾಂ ಅಷ್ಟೆ. ಅದರ ಹೆಚ್ಚುಗಾರಿಕೆ ಸುಣ್ಣದ ಅಂಶದಲ್ಲಿ. ಭಾರತದ ಆಹಾರ ಸಂಯೋಜನೆಯ 2017ರ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಸುವಿನ ಹಾಲಿನಲ್ಲಿ ನೂರು ಗ್ರಾಮಿಗೆ ಸುಮಾರು 120. ಆದರೆ ರಾಗಿಯಲ್ಲಿರುವ ಫೈಟೇಟ್ ಅದನ್ನು ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ನೆನೆಸಿದರೆ, ಮೊಳಕೆ ಕಟ್ಟಿದರೆ, ಅಂಬಲಿಯಂತೆ ರಾತ್ರಿ ಕದಡಿಟ್ಟು ಹುಳಿ ಬರಿಸಿದರೆ ಫೈಟೇಟ್ ತಗ್ಗುತ್ತದೆ. ನಮ್ಮ ಅಜ್ಜಿಯಂದಿರು ಈ ಮೂರನ್ನೂ ಹೆಸರು ತಿಳಿಯದೆಯೇ ಮಾಡುತ್ತಿದ್ದರು.

ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವ ಹಿರಿಯರು ಯಾವ ಧಾನ್ಯದ ಹೆಸರನ್ನೂ ನಂಬಿ ಕೂರಬಾರದು. ಹೊಸ ತಿಂಡಿ ಶುರು ಮಾಡಿದ ಮೊದಲ ವಾರ ತಿಂದ ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಲಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಆರು ತಿಂಗಳ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಔಷಧಿಯ ಹೊಂದಾಣಿಕೆ ತಪ್ಪಿದರೆ ಇಲ್ಲಿ ವೈದ್ಯರನ್ನು ಕಾಣುವುದು ಎಷ್ಟು ಪ್ರಯಾಸ, ಎಷ್ಟು ದುಬಾರಿ ಎಂಬುದು ಪ್ರವಾಸಿ ವಿಮೆ ಮಾಡಿಸಿದ ಎಲ್ಲರಿಗೂ ತಿಳಿದದ್ದೇ.

ಕೂಸಿನ ಡಬ್ಬ

ಬಾಣಂತನಕ್ಕೆ ಬಂದ ಅಜ್ಜಿಗೂ ಇಲ್ಲಿನ ಮಕ್ಕಳ ವೈದ್ಯರಿಗೂ ಮೊದಲ ಜಟಾಪಟಿ ಆಗುವುದು ಆರನೆಯ ತಿಂಗಳಲ್ಲಿ. ವೈದ್ಯರು ಕಬ್ಬಿಣ ಸೇರಿಸಿದ ಡಬ್ಬದ ಸೀರಿಯಲ್ ಎನ್ನುತ್ತಾರೆ, ಅಜ್ಜಿ ರಾಗಿ ಸರಿ ಎನ್ನುತ್ತಾರೆ. ಇಬ್ಬರದೂ ಸರಿ. ಎದೆಹಾಲು ಕುಡಿಯುವ ಕೂಸಿಗೆ ಆ ಹೊತ್ತಿಗೆ ಹೊರಗಿನಿಂದ ಕಬ್ಬಿಣಾಂಶ ಬೇಕು. ರಾಗಿಯಲ್ಲಿ ಇರುವುದು ಕಡಿಮೆ, ಮೈಗೆ ಹತ್ತುವುದು ಇನ್ನೂ ಕಡಿಮೆ. ಹಾಗಾಗಿ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಆದರೆ ಡಬ್ಬದಲ್ಲಿ ಅಕ್ಕಿಯದನ್ನೇ ದಿನವೂ ತಿನ್ನಿಸಬೇಕಾಗಿಲ್ಲ. ಅಕ್ಕಿ ಮಣ್ಣಿನಿಂದ ಆರ್ಸೆನಿಕ್ ಹೀರಿಕೊಳ್ಳುವ ಬೆಳೆ. ಕೂಸುಗಳ ಅಕ್ಕಿ ಸೀರಿಯಲ್‌ನಲ್ಲಿ ನೂರು ಕೋಟಿಗೆ 100 ಭಾಗಕ್ಕಿಂತ ಹೆಚ್ಚು ಅಜೈವಿಕ ಆರ್ಸೆನಿಕ್ ಇರದಂತೆ 2020ರಲ್ಲಿ ಸರ್ಕಾರವೇ ಗಡಿ ಹಾಕಿದೆ. ಧಾನ್ಯ ಬದಲಿಸುತ್ತಿರಿ ಎಂದು ಮಕ್ಕಳ ವೈದ್ಯರೂ ಹೇಳುತ್ತಾರೆ. ಅಲ್ಲಿ ಅಜ್ಜಿಯ ರಾಗಿಗೆ ದಾರಿ ತಾನಾಗಿ ತೆರೆಯುತ್ತದೆ.

ರಾಗಿಯನ್ನು ತೊಳೆದು ಹನ್ನೆರಡು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ. ಊರಿನಲ್ಲಿ ಒಂದೇ ದಿನಕ್ಕೆ ಬರುವ ಮೊಳಕೆ ಇಲ್ಲಿನ ಚಳಿಗೆ ಎರಡು ದಿನ ತೆಗೆದುಕೊಳ್ಳುತ್ತದೆ. ಓವನ್ ಹಚ್ಚದೆ ಅದರೊಳಗಿನ ದೀಪ ಮಾತ್ರ ಹಾಕಿ ಗಂಟನ್ನು ಅಲ್ಲಿಡಿ, ಆ ಶಾಖ ಸಾಕು. ನಡುವೆ ಎರಡು ಸಲ ನೀರು ಚಿಮುಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ರೀಮಾಂಟ್, ಸ್ಯಾನ್ ಹೊಸೆ ಕಡೆ ಒಣಗಿಸಲು ಬಿಸಿಲಿಗೆ ಬರವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮಂಜಿನಲ್ಲಿರುವವರು, ಮಳೆಗಾಲದಲ್ಲಿ ಮಾಡುವವರು ಓವನ್ನಿನ ಅತಿ ಕಡಿಮೆ ಶಾಖದಲ್ಲಿ, ಎಂದರೆ ಸುಮಾರು 170 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಬಾಗಿಲನ್ನು ತುಸು ತೆರೆದಿಟ್ಟು, ಪಕ್ಕದಲ್ಲೇ ಇದ್ದು ಒಣಗಿಸಬೇಕು. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಮೊಳಕೆಯ ಬಾಲ ತೆಗೆದು, ಬೆಚ್ಚಗೆ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ. ಮೂರು ಪಾಲು ಇದಕ್ಕೆ ಒಂದು ಪಾಲು ಹೀಗೆಯೇ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹೆಸರುಕಾಳಿನ ಹಿಟ್ಟು. ಗಂಟಾಗದಂತೆ ತಣ್ಣೀರಿನಲ್ಲಿ ಕದಡಿ ಒಲೆಗಿಟ್ಟು, ಹೊಳಪು ಬರುವವರೆಗೆ ಕುದಿಸಿ. ವರ್ಷ ತುಂಬುವವರೆಗೆ ಉಪ್ಪು ಬೇಡ, ಸಕ್ಕರೆ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ; ಜೇನಿನಲ್ಲಿ ಕೂಸಿಗೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಅಣುಜೀವಿಯ ಬೀಜಕಗಳಿರಬಹುದು. ನಾಲಿಗೆಗೆ ಜೇನು ಸವರುವ ಪದ್ಧತಿ ಇರುವ ಮನೆಗಳಲ್ಲಿ ಇದನ್ನು ಅಜ್ಜಿಗೆ ಮೊದಲೇ ಮೆಲ್ಲಗೆ ಹೇಳಿಬಿಡುವುದು ಕ್ಷೇಮ.

ಇನ್ನು ಬೇಸಿಗೆಗೆ ಹೊರಡಲು ಸೂಟ್‌ಕೇಸ್ ತುಂಬುತ್ತಿರುವವರಿಗೆ ಎರಡು ಮಾತು. ಅಕ್ಕಿ ಹಾಕಬೇಡಿ. ಖಾಪ್ರಾ ಎಂಬ ದಾಸ್ತಾನು ಕೀಟದ ಭಯದಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಒಳಬಿಡುವುದಿಲ್ಲ. ರಾಗಿ ಕಾಳನ್ನೂ ಹೊರಬೇಡಿ, ಅದು ಇಲ್ಲಿಯೇ ಸಿಗುತ್ತದೆ; ಇಡೀ ಕಾಳು ಕಂಡರೆ ತಪಾಸಣೆಯೂ ಜಾಸ್ತಿ. ತರಲೇಬೇಕೆಂದರೆ ಹುರಿಹಿಟ್ಟು ತನ್ನಿ. ಮರಳು ಕಾಯಿಸಿ ರಾಗಿ ಅರಳಿಸುವ ಕೆಲಸ ಇಲ್ಲಿನ ಅಡುಗೆಮನೆಗಳಲ್ಲಿ ನಡೆಯುವುದಿಲ್ಲ. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಗಟ್ಟಿಯಾಗಿ ಸೀಲ್ ಮಾಡಿಸಿ, ವಿಮಾನ ನಿಲ್ದಾಣದಲ್ಲಿ ಆಹಾರ ಇದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳಿ. ಹೇಳಿದರೆ ಹೆಚ್ಚೆಂದರೆ ಪೊಟ್ಟಣ ಹೋದೀತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ನೂರಾರು ಡಾಲರ್ ದಂಡ. ಜಾಗ ಉಳಿದರೆ ಚಿಕ್ಕಪೇಟೆಯಿಂದ ಎರಡು ಜರಡಿ ತನ್ನಿ, ಒಂದು ರವೆಯದು, ಒಂದು ಹಿಟ್ಟಿನದು. ಜೊತೆಗೆ ಉದ್ದ ಹಿಡಿಯ ಮರದ ಸೌಟೊಂದಿದ್ದರೆ ಚೆನ್ನ, ಗಂಜಿ ಎಗರಿ ಕೈ ಸುಡುವುದು ತಪ್ಪುತ್ತದೆ.